ಹಿಂದಿನ ಹಾಸಿಗೆಯ ದನಿ

ಗಾಡಿ ನಿಂತದ್ದು ಹೆಲ್ವಿಗೆ ನಿದ್ದೆಯೊಳಗೇ ಗೊತ್ತಾಗಿತ್ತು. ಸಿಟ್ಟಿನಲ್ಲಿ ಮಲಗಿದವರ ನಿದ್ದೆ ಗಟ್ಟಿಯಿರುವುದಿಲ್ಲ. ಬೂದಿ ಮುಚ್ಚಿದ ಕೆಂಡದ ಹಾಗೆ ಒಳಗೊಳಗೇ ಎಚ್ಚರವಾಗಿರುತ್ತದೆ. ಮನೆಗಾಡಿಯ ಹಿಂಭಾಗದಲ್ಲಿ ಅಡ್ಡಕ್ಕೆ ಹಾಕಿದ ಹಾಸಿಗೆಯ ಮೇಲೆ, ಪರದೆ ಎಳೆದುಕೊಂಡು, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಮುಂದೆ ಗಂಡ ತೌನೊ ಬಾಗಿಲು ತೆರೆದು ಇಳಿದದ್ದು, ಟೈರಿಗೆ ಕಾಲಿನಿಂದ ಒದ್ದು ನೋಡಿದ್ದು, ಗಾಜಿಗೆ ಮೆತ್ತಿಕೊಂಡ ಸೊಳ್ಳೆಗಳನ್ನು ಬಟ್ಟೆಯಿಂದ ಉಜ್ಜತೊಡಗಿದ್ದು ಎಲ್ಲ ಕೇಳಿಸಿತು. ನಲವತ್ತೊಂಬತ್ತು ವರ್ಷ ಒಂದೇ ಸೂರಿನಡಿ ಬಾಳಿದ ಮೇಲೆ ಗಂಡನನ್ನು ನೋಡಬೇಕಾಗಿಲ್ಲ, ಕಿವಿಯೇ ನೋಡುತ್ತದೆ. ತನಗೂ ಹೊರಗೆ ಹೋಗಬೇಕೆನಿಸಿತು. ಗಾಡಿಯೊಳಗೇ ಕಕ್ಕಸು ಇದೆ, ಆದರೆ ಅದರ ಡಬ್ಬಿ ಬೆಳಿಗ್ಗೆಯೇ ತುಂಬಿ ಕೆಂಪು ದೀಪ ತೋರಿಸುತ್ತಿತ್ತು. ಖಾಲಿ ಮಾಡುವ ಜಾಗ ಸಿಗಬೇಕಾದರೆ ಇನ್ನೂ ಅರವತ್ತು ಕಿಲೋಮೀಟರು ಹೋಗಬೇಕು. ರಬ್ಬರು ಚಪ್ಪಲಿ ಮೆಟ್ಟಿಕೊಂಡು ಪಕ್ಕದ ಬಾಗಿಲಿನಿಂದ ಇಳಿದಳು. ಬಾಗಿಲನ್ನು ಮೆಲ್ಲಗೆ ಎಳೆದಳು. ಮಾತು ಬಿಟ್ಟವರು ಬಾಗಿಲಿನ ಸದ್ದನ್ನು ಕೂಡ ಎದುರಿನವರಿಗೆ ಕೊಡಲು ಒಪ್ಪುವುದಿಲ್ಲ.

ಗಿಡ್ಡ ಬರ್ಚ್ ಪೊದೆಯ ಹಿಂದೆ ಕುಕ್ಕರಗಾಲಿನಲ್ಲಿ ಕೂತಿದ್ದಾಗ ಎಂಜಿನ್ ಶುರುವಾಯಿತು. ನಾಲ್ಕು ಹೆಜ್ಜೆ ಮುಂದಕ್ಕೆ ತೆಗೆದು ನಿಲ್ಲಿಸುತ್ತಾನೆ ಎಂದುಕೊಂಡಳು. ಲಂಗ ಸರಿಮಾಡಿಕೊಂಡು ಈಚೆ ಬರುವಷ್ಟರಲ್ಲಿ ಬಿಳಿಯ ಗಾಡಿಯ ಬೆನ್ನು ಮಾತ್ರ ಕಾಣುತ್ತಿತ್ತು; ಬೆನ್ನಿಗೆ ಕಟ್ಟಿದ ಎರಡು ಸೈಕಲ್ಲುಗಳು ಕುಲುಕುತ್ತ ದಿಬ್ಬ ಏರುತ್ತಿದ್ದವು. ಆಗ ಕೂಗಿದ್ದರೆ ಕೇಳಿಸುತ್ತಿತ್ತು. ಕಿಟಕಿಯ ಗಾಜು ಇಳಿದಿತ್ತು, ಗಾಳಿ ಅವಳಿಂದ ಅವನ ಕಡೆಗೇ ಬೀಸುತ್ತಿತ್ತು. ಬಾಯಿ ತೆರೆದಳು ಕೂಡ. ಆದರೆ ಬೆಳಿಗ್ಗೆಯಿಂದ ಅವನೊಡನೆ ಒಂದು ಮಾತೂ ಆಡಿರಲಿಲ್ಲ. ಮೊದಲ ಮಾತು ಹೀಗೆ, ಚಪ್ಪಲಿಯಲ್ಲಿ ಓಡುತ್ತ, ಬಿಟ್ಟುಹೋದ ಕರುವಿನ ಹಾಗೆ ಕೂಗುವುದಾಗಬೇಕೇ ಎಂದು ಗಂಟಲು ಒಂದು ಗಳಿಗೆ ತಡೆಯಿತು. ಆ ಒಂದು ಗಳಿಗೆಯಲ್ಲಿ ಗಾಡಿ ದಿಬ್ಬದಾಚೆ ಇಳಿಯಿತು. ಸದ್ದು ಸ್ವಲ್ಪ ಹೊತ್ತು ಉಳಿದು, ಆಮೇಲೆ ಅದೂ ಇಲ್ಲವಾಯಿತು. ಜೌಗಿನ ಮೇಲೆ ಬಿಳಿಯ ಹತ್ತಿಹುಲ್ಲು ತಲೆ ತೂಗುತ್ತಿತ್ತು. ಸೊಳ್ಳೆಗಳಿಗೆ ಮಾತ್ರ ಅವಳು ಅಲ್ಲಿರುವುದು ಗೊತ್ತಾಯಿತು.

ಐದು ನಿಮಿಷ, ಎಂದುಕೊಂಡಳು. ಅರ್ಧ ಗಂಟೆಗೊಮ್ಮೆ ಅವನು ರಸ್ತೆಯಿಂದ ಕಣ್ಣು ತೆಗೆಯದೆ ಕೈಯನ್ನು ಹಿಂದಕ್ಕೆ ಚಾಚುತ್ತಾನೆ, ಅವಳು ಆ ಕೈಯಲ್ಲಿ ಕಾಫಿಯ ಲೋಟ ಇಡಬೇಕು. ಚಾಚಿದ ಕೈ ಬರಿದೇ ಉಳಿದರೆ ಗೊತ್ತಾಗದೆ ಇರುತ್ತದೆಯೇ. ಆಮೇಲೆ ನೆನಪಾಯಿತು, ಕಾಫಿಯ ಫ್ಲಾಸ್ಕನ್ನು ಇವತ್ತು ತಾನೇ ಸಿಟ್ಟಿನಿಂದ ಅವನ ಪಕ್ಕದ ಆಸನದ ಮೇಲೆ ಕುಕ್ಕಿ ಹಿಂದೆ ಹೋಗಿ ಮಲಗಿದ್ದಳು. ಆ ಆಸನದಲ್ಲಿ ಫ್ಲಾಸ್ಕು ಇದೆ, ಹೆಲ್ವಿ ಇಲ್ಲ. ಅವನಿಗೆ ಬೇಕಾದ್ದು ಅಲ್ಲಿದೆ. ಬೆಳಿಗ್ಗೆಯ ಅವಮಾನ ಮತ್ತೆ ಮೈಗೆ ಏರಿತು. ಕೆರೆಯ ದಂಡೆಯ ಬಿಡಾರದಲ್ಲಿ ಗಾಡಿಯನ್ನು ನೀರಿನ ನಲ್ಲಿಯ ಹತ್ತಿರ ಹತ್ತು ಮಾರು ಸರಿಸಬೇಕಾಗಿತ್ತು. ಅವನು ಅಕ್ಕಪಕ್ಕದ ಗಾಡಿಗಳವರೊಡನೆ ಸಭೆಯ ಬೇಸಗೆ ಕೂಟದಲ್ಲಿ ಕೇಳಿದ ಉಪದೇಶಗಳನ್ನು ಮೆಲುಕು ಹಾಕುತ್ತ ಕೂತಿದ್ದ. ಅವಳು ಕೀಲಿ ತೆಗೆದುಕೊಂಡು ಮುಂದಿನ ಆಸನದಲ್ಲಿ ಕೂತಳು, ಅಷ್ಟೇ. "ಹೆಲ್ವಿ, ಇಳಿ, ಇಳಿ, ಇದೇನು ಹುಲ್ಲಿನ ಗಾಡಿ ಅಂದ್ಕೊಂಡ್ಯಾ," ಎಂದು ಎಲ್ಲರೆದುರು ಕೂಗಿ ಓಡಿಬಂದಿದ್ದ. ಜನ ನಕ್ಕರು. ಕೆಟ್ಟ ನಗುವಲ್ಲ, ಒಳ್ಳೆಯವರ ನಗು. ಅದೇ ಹೆಚ್ಚು ಉರಿಯಿತು. ಇಪ್ಪತ್ತು ವರ್ಷ ಹನ್ನೊಂದು ಮಕ್ಕಳನ್ನು ತುಂಬಿಕೊಂಡು ಹಿಮದ ರಸ್ತೆಯಲ್ಲಿ ಸಣ್ಣ ಬಸ್ಸು ಓಡಿಸಿದವಳು ಅವಳು. ಟ್ರ್ಯಾಕ್ಟರು ಓಡಿಸಿದವಳು. ಏಳನೆಯದು ಹೊಟ್ಟೆಯಲ್ಲಿದ್ದಾಗ, ನೋವು ಬರುತ್ತಿರುವಾಗ, ತಾನೇ ಗೇರು ಹಾಕುತ್ತ ಆಸ್ಪತ್ರೆಗೆ ಹೋದವಳು. ಅವತ್ತು ಅವನು ಇನ್ನೊಂದು ಊರಿನಲ್ಲಿ ಉಪದೇಶ ಮಾಡುತ್ತಿದ್ದ.

ದಕ್ಷಿಣದಿಂದ ಒಂದು ಮನೆಗಾಡಿ ಬಂತು. ಹೆಲ್ವಿ ರಸ್ತೆಯ ಅಂಚಿಗೆ ಬಂದು ಕೈ ಎತ್ತಿದಳು. ಗಾಡಿಯೊಳಗಿನ ಗಂಡ ಹೆಂಡತಿ ಇಬ್ಬರೂ ನಗುನಗುತ್ತ ಕೈ ಎತ್ತಿ ಮುಂದೆ ಹೋದರು. ಉತ್ತರದ ಈ ರಸ್ತೆಗಳಲ್ಲಿ ಮನೆಗಾಡಿಯವರು ಎದುರು ಸಿಕ್ಕವರಿಗೆಲ್ಲ ಕೈ ಎತ್ತುವುದು ವಾಡಿಕೆ; ಈ ಹತ್ತು ದಿನದಲ್ಲಿ ಅವಳೂ ಎಷ್ಟೋ ಸಲ ಎತ್ತಿದ್ದಳು. ಎರಡನೆಯ ಗಾಡಿ ಬಂದಾಗ ಎರಡೂ ಕೈ ಎತ್ತಿ ಬೀಸಿದಳು. ಅದರೊಳಗಿದ್ದ ಮುದುಕ ಖುಷಿಯಾಗಿ ಹಾರ್ನು ಕೂಡ ಬಾರಿಸಿದ. ಮೂರನೆಯದು ಬರುವಾಗ ಕೈ ಎತ್ತುವುದೋ ಬೇಡವೋ ಎಂದು ನಿಂತಿದ್ದಳು. ಕೈ ಎತ್ತದ ಅವಳನ್ನು ನೋಡಿ ಒಳಗಿನ ಹೆಂಗಸು ಮುಖ ಸಿಂಡರಿಸಿದಂತೆ ಕಂಡಿತು. ಎಪ್ಪತ್ತು ವರ್ಷದ ಹೆಂಗಸೊಬ್ಬಳು ರಬ್ಬರು ಚಪ್ಪಲಿಯಲ್ಲಿ, ಉಣ್ಣೆಯ ಅಂಗಿಯಲ್ಲಿ, ಊರಿಲ್ಲದ ರಸ್ತೆಯ ಬದಿಗೆ ನಿಂತಿರುವುದು ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲವೇ. ಅಥವಾ ಹೆಂಗಸರು ಈ ವಯಸ್ಸಿಗೆ ಬಂದ ಮೇಲೆ ಮೈಲಿಗಲ್ಲಿನ ಹಾಗೆ, ಎಲ್ಲಿ ನಿಂತಿದ್ದರೂ ಅಲ್ಲೇ ನೆಟ್ಟಿದ್ದಾರೆ ಅನಿಸುತ್ತದೋ ಏನೋ.

ದೇವರೇ, ಎಂದಳು ಮನಸ್ಸಿನಲ್ಲಿ, ನನಗೆ ತಾಳ್ಮೆ ಕೊಡು. ಹೇಳಿದ ಕೂಡಲೇ ಆ ಬೇಡಿಕೆಯ ಮೇಲೂ ಸಿಟ್ಟು ಬಂತು. ಯಾವಾಗ ನೋಡಿದರೂ ತನಗೇ ಏಕೆ ತಾಳ್ಮೆ ಬೇಕು. ಅವರ ಸಭೆಯ ಮನೆಗಳಲ್ಲಿ ಮಕ್ಕಳು ದೇವರ ವರ, ಎಷ್ಟು ಕೊಟ್ಟರೂ ತೆಗೆದುಕೊಳ್ಳಬೇಕು. ಹಾಗಾಗಿ ಬೇಸಗೆಯ ದೊಡ್ಡ ಕೂಟಕ್ಕೆ ಹೊರಟರೆ ಒಂದೊಂದು ಮನೆಯೂ ಒಂದೊಂದು ದಂಡು. ಒಂದು ವರ್ಷ ಕೂಟ ಮುಗಿಸಿ ಹೊರಟಾಗ ಅವಳು ತಲೆ ಎಣಿಸಿದ್ದಳು. ಪಕ್ಕದ ಮನೆಯ ಹುಡುಗನೊಬ್ಬ ಸೀಟಿನಲ್ಲಿ ನುಗ್ಗಿ ಕೂತಿದ್ದ, ಲೆಕ್ಕ ಸರಿಹೋಯಿತು. ಮೂವತ್ತು ಕಿಲೋಮೀಟರು ಹೋದ ಮೇಲೆ ಮಗಳು ಮಾರ್ಕೆತ್ತಾ ಇಲ್ಲವೆಂದು ಗೊತ್ತಾದದ್ದು. ಏಳು ವರ್ಷದ ಹುಡುಗಿ. ತಿರುಗಿ ಹೋದಾಗ ಹುಲ್ಲು ತುಳಿದು ಹಳದಿಯಾದ ಬಯಲಿನ ನಡುವೆ ಬಕೆಟ್ಟು ಬೋರಲು ಹಾಕಿಕೊಂಡು ಅದರ ಮೇಲೆ ಕೂತಿದ್ದಳು. ಅಳುತ್ತಿರಲಿಲ್ಲ. ಹೆಲ್ವಿ ಮೊಣಕಾಲೂರಿ ಕ್ಷಮೆ ಕೇಳಿದಳು. ದೊಡ್ಡವರು ಮಕ್ಕಳನ್ನು ಕೂಡ ಕೇಳಬೇಕು, ಅದು ಅವರಲ್ಲಿನ ನಡೆ. ಕೇಳಿಸಿಕೊಂಡವರು ಬಾಯಿಬಿಟ್ಟು ಹೇಳಬೇಕು: ಯೇಸುವಿನ ಹೆಸರಿನಲ್ಲಿ, ರಕ್ತದಲ್ಲಿ, ನಿನ್ನ ಪಾಪಗಳೆಲ್ಲ ಕ್ಷಮಿಸಲ್ಪಟ್ಟಿವೆ, ನಂಬು. ಮನಸ್ಸಿನಲ್ಲಿ ಅಂದುಕೊಂಡರೆ ಸಾಲದು, ಕಿವಿಗೆ ಬೀಳಬೇಕು. ಸ್ವರ್ಗದ ಬೀಗದ ಕೈ ಇರುವುದು ವಿಶ್ವಾಸಿಯ ನಾಲಗೆಯ ಮೇಲೆ ಎಂದು ಅವಳ ಅಜ್ಜಿ ಹೇಳುತ್ತಿದ್ದಳು. ಮಾರ್ಕೆತ್ತಾ ತಕ್ಷಣ ಹೇಳಲಿಲ್ಲ. "ನಿಂಗೆ ಯಾವಾಗ ಗೊತ್ತಾಯ್ತಮ್ಮ?" ಅಂದಳು. ಹೆಲ್ವಿ ನಿಜ ಹೇಳಿದಳು. ಹುಡುಗಿ ಬೆರಳು ಮಡಿಸಿ ಲೆಕ್ಕ ಹಾಕಿ ಆಮೇಲೆ ಹೇಳಿದಳು, ನಂಬಮ್ಮ. ಅವತ್ತಿನಿಂದ ತೌನೊ ಪ್ರತಿ ಸಲ ಗಾಡಿ ಹೊರಡಿಸುವ ಮುಂಚೆ ಹೆಸರು ಕೂಗಿ ಹಾಜರಿ ತೆಗೆದುಕೊಳ್ಳತೊಡಗಿದ. ಯೊಹಾನ್ನೆಸ್ಸನಿಂದ ಶುರುವಾಗಿ ಹನ್ನೊಂದು ಹೆಸರು, ಹನ್ನೊಂದು 'ಇದ್ದೀನಿ'. ಹನ್ನೆರಡನೆಯ ಹೆಸರು, ಅವಳದು, ಆ ಪಟ್ಟಿಯಲ್ಲಿ ಎಂದೂ ಇರಲಿಲ್ಲ. ಇರಬೇಕೆಂದು ಆಗ ಅವಳಿಗೂ ಹೊಳೆದಿರಲಿಲ್ಲ. ಅದೇ ಈಗ ಎದೆಗೆ ಚುಚ್ಚುತ್ತಿತ್ತು.

ಕೊನೆಗೆ ನಿಂತದ್ದು ಒಂದು ಹಳೆಯ ಪಿಕಪ್ಪು. ಹಿಂದೆ ಮೀನಿನ ಪೆಟ್ಟಿಗೆಗಳು, ಮುಂದೆ ಅರವತ್ತರ ಆಸುಪಾಸಿನ ಹೆಂಗಸು, ಕೆಂಪು ಟೊಪ್ಪಿಗೆ, ಸೊಳ್ಳೆ ಕಚ್ಚಿದ ಗುರುತೇ ಇಲ್ಲದ ಮುಖ. ಉತ್ತರದ ಈ ಸೀಮೆಯ ಮೂಲನಿವಾಸಿಗಳಾದ ಸಾಮಿ ಜನರವಳು. ಗಾಜು ಇಳಿಸಿ ಅಡಿಯಿಂದ ಮುಡಿಯವರೆಗೆ ನೋಡಿದಳು.

"ಜೌಗಿನ ಹಣ್ಣು ಆರಿಸೋಕೆ ಬಂದ್ಯಾ ತಾಯಿ? ಅದು ಮಾಗೋಕೆ ಇನ್ನೂ ಮೂರು ವಾರ ಇದೆ."

"ಇಲ್ಲ. ನನ್ನ ಗಂಡ ಬಿಟ್ಟು ಹೋದ."

"ಈಗಲಾ? ಈ ವಯಸ್ಸಲ್ಲಾ?"

"ಮರೆತು ಹೋದ. ನಾನು ಹಿಂದೆ ಮಲಗಿದೀನಿ ಅಂದ್ಕೊಂಡಿದಾನೆ."

ಆ ಹೆಂಗಸು ಸ್ಟೀರಿಂಗಿನ ಮೇಲೆ ಹಣೆಯಿಟ್ಟು ನಕ್ಕಳು. ನಗು ಮುಗಿಸಿ ಪಕ್ಕದ ಬಾಗಿಲು ತೆರೆದಳು. "ಹತ್ತು. ನನ್ನ ಹೆಸರು ಬಿರೆತ್. ವರ್ಷಕ್ಕೊಬ್ಬಳಾದ್ರೂ ಸಿಗ್ತಾಳೆ. ಹೋದ ವರ್ಷ ಒಬ್ಬಳು ನೈಟಿಯಲ್ಲಿದ್ಲು; ನೀನು ವಾಸಿ."

ಬಿರೆತಳ ಪೆಟ್ರೋಲು ಬಂಕು, ಅದಕ್ಕೆ ಅಂಟಿಕೊಂಡ ಕಾಫಿಯಂಗಡಿ, ಎರಡು ಕಿಲೋಮೀಟರು ಮುಂದೆ ಅದೇ ರಸ್ತೆಯ ಮೇಲೆ ಇತ್ತು. ತೌನೊ ಎಲ್ಲಿಂದ ತಿರುಗಿ ಬಂದರೂ ಇದರ ಮುಂದೆಯೇ ಹಾಯಬೇಕು. ಹೊರಗಿನ ಬೆಂಚಿನ ಮೇಲೆ ಹೆಲ್ವಿಯನ್ನು ಕೂರಿಸಿ, ಬಿರೆತ್ ಆ ಸೀಮೆಯ ವಾಡಿಕೆಯಂತೆ ಮರದ ಲೋಟದಲ್ಲಿ ಸುಟ್ಟ ಗಿಣ್ಣಿನ ತುಂಡು ಹಾಕಿ ಅದರ ಮೇಲೆ ಬಿಸಿ ಕಾಫಿ ಹೊಯ್ದು ತಂದಳು. ತನ್ನ ಫೋನು ಕೊಟ್ಟಳು. ಹೆಲ್ವಿಗೆ ಗಂಡನ ನಂಬರು ಬಾಯಿಪಾಠ. ಗಂಟೆ ಹೊಡೆಯಿತು, ಹೊಡೆಯಿತು, ನಿಂತಿತು. ಗುರುತಿಲ್ಲದ ನಂಬರು ಬಂದರೆ ಎತ್ತಬೇಡ, ಮೋಸಗಾರರು ಇರುತ್ತಾರೆ ಎಂದು ಹಿರಿಮಗ ಅಪ್ಪನಿಗೆ ಕಲಿಸಿದ್ದ. ಅಪ್ಪ ಮಕ್ಕಳಿಂದ ಕಲಿತ ಒಂದೇ ಪಾಠ ಅದು.

"ನಿನ್ನ ಫೋನೆಲ್ಲಿ?"

"ಹಾಸಿಗೆ ಮೇಲೆ."

"ಮತ್ತೆ ಅದಕ್ಕೇ ಮಾಡು. ಹಿಂದುಗಡೆ ಹೊಡ್ಕೊಂಡ್ರೆ ಇವಳ್ಯಾಕೆ ಎತ್ತಲ್ಲ ಅಂತ ತಿರುಗಿ ನೋಡ್ತಾನೆ."

ಹೆಲ್ವಿ ನಂಬರು ಒತ್ತಲು ಬೆರಳಿಟ್ಟಳು. ಒತ್ತಲಿಲ್ಲ. ಫೋನನ್ನು ಬೆಂಚಿನ ಮೇಲೆ ಬೋರಲು ಇಟ್ಟಳು.

"ಬೇಡ."

"ಯಾಕೆ?"

"ನೋಡ್ಬೇಕು."

"ಏನು ನೋಡೋದು?"

"ಎಷ್ಟು ಹೊತ್ತು ಬೇಕು ಅಂತ."

ಬಿರೆತ್ ಈ ಸಲ ನಗಲಿಲ್ಲ. ಬೆಂಚಿನ ಇನ್ನೊಂದು ತುದಿಗೆ ತಾನೂ ಕೂತಳು. "ನೋಡು ಹಾಗಾದ್ರೆ. ಆದ್ರೆ ಒಂದು ತಿಳ್ಕೋ. ಗಡಿ ಸೇತುವೆ ದಾಟಿದ್ರೆ ನಾರ್ವೆ, ಅಲ್ಲಿ ಗಡಿಯಾರ ಒಂದು ಗಂಟೆ ಹಿಂದೆ. ನಿನ್ನ ಗಂಡ ಅಲ್ಲಿಗೆ ಹೋದ ಅಂದ್ರೆ, ನಿನ್ನ ಮರೆತಿದ್ರಲ್ಲಿ ಒಂದು ಗಂಟೆ ಮಾಫಿ ಆಗುತ್ತೆ."

"ಅವನಿಗೆ ಯಾವಾಗ್ಲೂ ಆಗುತ್ತೆ," ಅಂದಳು ಹೆಲ್ವಿ.

ತಾನು ಆಡಿದ ಮಾತು ತನಗೇ ಖಾರವಾಗಿ ತಗುಲಿತು. ಗಿಣ್ಣು ಹಲ್ಲಿಗೆ ಸಿಕ್ಕಿ ಕಿರುಗುಟ್ಟಿತು. ಪಾಪವಲ್ಲವೇ ಇದು, ಗಂಡನನ್ನು ಹೀಗೆ ಕಾಯುವುದು, ಬೋನು ಇಟ್ಟು ಇಲಿ ಕಾಯುವ ಹಾಗೆ? ಹೌದು ಎಂದಿತು ಒಳಗಿನ ದನಿ. ಆದರೂ ಎದ್ದು ಫೋನು ಎತ್ತಲಿಲ್ಲ. ಬಂಕಿನಾಚೆ ಎರಡು ಹಿಮಸಾರಂಗಗಳು ರಸ್ತೆಯ ನಡುವೆ ಬಂದು, ಗಾಡಿಗಳೇ ಇಲ್ಲದ ಕಡೆಗೆ ಮುಖ ಮಾಡಿ ನಿಂತವು. ಎಂಟನೆಯ ಹೆರಿಗೆಯಾದ ವರ್ಷ ಅವಳು ಹೀಗೆಯೇ ನಿಂತಿದ್ದಳು, ಅಡುಗೆಮನೆಯ ನಡುವೆ, ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೂ ಕೈ ಎತ್ತಲಾರದೆ. ಒಂದು ದಿನ ತೌನೊನಿಗೆ ಹೇಳಿಬಿಟ್ಟಳು: ಇನ್ನು ನನ್ನ ಕೈಲಾಗಲ್ಲ, ದೇವರು ಇನ್ನೊಂದು ಕೊಡದೆ ಇರಲಿ ಅಂತ ರಾತ್ರಿಯೆಲ್ಲ ಬೇಡ್ಕೋತೀನಿ. ಗಂಡನಿಗೆ ಹೇಳಿದ್ದು, ಬಾವಿಗೆ ಹಾಕಿದ ಕಲ್ಲಿನ ಹಾಗೆ ಅಲ್ಲೇ ಉಳಿಯುತ್ತದೆ ಎಂದು ಹೇಳಿದ್ದು. ಮೂರು ವಾರದ ಮೇಲೆ ಅವನು ಉಪದೇಶದ ನಡುವೆ ಹೇಳಿದ, ನಮ್ಮ ನಡುವೆ ಒಬ್ಬ ಸೋದರಿ ದಣಿದು, ದೇವರ ವರವನ್ನು ಬೇಡವೆಂದು ಪ್ರಾರ್ಥಿಸಿದಳು, ಶತ್ರು ಎಷ್ಟು ಹತ್ತಿರ ಬರುತ್ತಾನೆ ನೋಡಿ. ಹೆಸರು ಹೇಳಲಿಲ್ಲ. ಇನ್ನೂರು ಜನರ ಸಭಾಮನೆಯಲ್ಲಿ ಯಾರೂ ಹಿಂತಿರುಗಿ ನೋಡಲಿಲ್ಲ. ಯಾರೂ ನೋಡಲಿಲ್ಲ ಎನ್ನುವುದರಿಂದಲೇ ಎಲ್ಲರಿಗೂ ಗೊತ್ತಿದೆ ಎಂದು ಅವಳಿಗೆ ತಿಳಿಯಿತು. ಮೊಲೆಗೆ ಕಚ್ಚಿಕೊಂಡ ಕೂಸು, ಬಿಸಿಯಾದ ಕಿವಿಗಳು. ಮನೆಗೆ ಬರುವ ದಾರಿಯಲ್ಲಿ, ರೈಲು ಗೇಟು ಹಾಕಿದ್ದಾಗ, ತೌನೊ ಮುಂದೆ ನೋಡುತ್ತಲೇ ಕೇಳಿದ, ನಿನಗೆ ಬೇಸರ ಆಗಿದ್ದರೆ ಕ್ಷಮಿಸ್ತೀಯಾ. ಅವಳು ಐದನೆಯವನ ಮೂಗು ಒರೆಸುತ್ತ ಹೇಳಿದಳು, ಯೇಸುವಿನ ಹೆಸರಿನಲ್ಲಿ, ರಕ್ತದಲ್ಲಿ. ರೈಲು ಹೋಯಿತು, ಗೇಟು ಎತ್ತಿತು. ಅವನು ಶೀಟಿ ಹಾಕುತ್ತ ಗೇರು ಬದಲಿಸಿದ. ಆಮೇಲೆ ಮೂರು ಮಕ್ಕಳಾದವು. ಮೂವರನ್ನೂ ಜೀವಕ್ಕಿಂತ ಹೆಚ್ಚಾಗಿ ಪ್ರೀತಿಸಿದಳು, ಆ ಮಾತು ಬೇರೆ. ಆದರೆ ಆ ಗೇಟಿನ ಹತ್ತಿರ ತಾನು ಕೊಟ್ಟದ್ದೇನು, ಅವನು ತೆಗೆದುಕೊಂಡದ್ದೇನು ಎಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಅನುಗ್ರಹದ ಮಾತು ಅದು, ಸತ್ಯವಾದ ಮಾತು. ಅದರ ಮೇಲೆ ಅವಳಿಗೆ ಸಂಶಯವಿಲ್ಲ. ಕೇಳುವ ರೀತಿಯ ಮೇಲೆ ಇದೆ. ಚಳಿಗಾಲದಲ್ಲಿ ಬಾಗಿಲ ಬಳಿ ಬೂಟಿನ ಹಿಮ ಕೊಡವಿಕೊಳ್ಳುವ ಹಾಗೆ ಕೇಳುತ್ತಾನೆ. ಕೊಡವಿದ್ದು ಕರಗಿ ಅಲ್ಲೇ ನೀರಾಗಿ ನಿಲ್ಲುತ್ತದೆ, ಒರೆಸುವವಳು ಬೇರೆ ಇದ್ದಾಳೆ.

"ನಮ್ಮಮ್ಮನೂ ನಿಮ್ಮ ಸಭೆಯವಳೇ," ಅಂದಳು ಬಿರೆತ್, ಯಾರೂ ಕೇಳದಿದ್ದರೂ. "ನಿನ್ನ ಕೂದಲ ಗಂಟು ನೋಡಿದ ಕೂಡ್ಲೇ ಗೊತ್ತಾಯ್ತು. ಸಾಯೋ ಮುಂಚೆ ಊರೋರನ್ನೆಲ್ಲ ಕರೆಸಿ ಕ್ಷಮೆ ಕೇಳಿದ್ಲು. ನಾಯೀನ ಒಂದು ಬಿಟ್ಟು."

"ನೀನು ಹೇಳಿದ್ಯಾ ಅವಳಿಗೆ?"

"ನಾನು ವಿಶ್ವಾಸಿ ಅಲ್ಲ. ಆದ್ರೂ ಹೇಳ್ದೆ. ಯಾವುದಕ್ಕೆ ಅಂತ ಮೊದಲು ಕೇಳ್ದೆ. ಪಟ್ಟಿ ಮಾಡಿಟ್ಟಿದ್ಲು ಮುದುಕಿ. ನನಗೆ ಮರೆತೇ ಹೋಗಿದ್ದೂ ಅದರಲ್ಲಿತ್ತು."

ಹೊತ್ತು ಹೋಯಿತು. ಈ ಸೀಮೆಯ ಬೇಸಗೆಯಲ್ಲಿ ನೆರಳು ಎಷ್ಟು ಸರಿದರೂ ಸೂರ್ಯ ಇಳಿದಂತೆ ಕಾಣುವುದಿಲ್ಲ, ಗಡಿಯಾರವನ್ನೇ ನಂಬಬೇಕು. ಅಂಗಡಿಯ ಗೋಡೆಯ ಮೇಲಿನದರ ಪ್ರಕಾರ ಅವಳು ಅಲ್ಲಿಗೆ ಬಂದು ಎರಡು ಗಂಟೆ ಮೂವತ್ತೈದು ನಿಮಿಷ ದಾಟಿದಾಗ ಉತ್ತರದಿಂದ ಬಿಳಿಯ ಗಾಡಿ ಬಂತು. ಮುಂದಿನ ದೀಪಗಳೆಲ್ಲ ಹಚ್ಚಿದ್ದ. ಹೆಲ್ವಿ ಎದ್ದು ನಿಂತಳು. ಸ್ಟೀರಿಂಗಿಗೆ ಎದೆಯೊತ್ತಿಕೊಂಡು ಕೂತ ತೌನೊ ಕಂಡ. ಬಿಳಿಚಿದ ಮುಖ, ತೆರೆದ ಬಾಯಿ. ಪ್ರಾರ್ಥನೆ ಮಾಡುತ್ತಿದ್ದಾನೆ ಎಂದು ತುಟಿಯಿಂದಲೇ ತಿಳಿಯಿತು. ಅವಳ ಸಿಟ್ಟು ಒಂದು ಗಳಿಗೆ ಕುಸಿಯಿತು, ಪಾಪ, ಅನಿಸಿತು. ಗಾಡಿ ನಿಲ್ಲಲಿಲ್ಲ. ಹತ್ತು ಮಾರು ದೂರದಲ್ಲಿ ನಿಂತ ಅವಳ ಮುಂದೆಯೇ, ಅವಳನ್ನು ಹುಡುಕುತ್ತ, ಅವಳನ್ನು ದಾಟಿ ಹೋಯಿತು.

"ಬಿಡು, ಬರ್ತಾನೆ," ಅಂದಳು ಬಿರೆತ್. "ಅಲ್ಲಿ ಪೊದೆಯೆಲ್ಲ ಹುಡುಕಿ, ಸೊಳ್ಳೆಗೆ ಒಂದಿಷ್ಟು ರಕ್ತ ಕೊಟ್ಟು ಬರಲಿ."

ಇಪ್ಪತ್ತು ನಿಮಿಷದ ಮೇಲೆ ಗಾಡಿ ತೆವಳುತ್ತ ಬಂದು ಬಂಕಿನೊಳಗೆ ತಿರುಗಿತು. ತೌನೊ ಇಳಿದ. ಎಪ್ಪತ್ತನಾಲ್ಕರ ಎತ್ತರದ ಆಳು, ಸಭೆಯಲ್ಲಿ ನಿಂತರೆ ಕೊನೆಯ ಸಾಲಿಗೂ ಕಾಣುವವನು, ಈಗ ಬಾಗಿಲು ಹಿಡಿದುಕೊಂಡು ನಿಂತ. ಮಂಡಿಯವರೆಗೆ ಜೌಗಿನ ಕೆಸರು. "ದೇವರು ದೊಡ್ಡವನು," ಅಂದ. "ಹೆಲ್ವಿ, ದೇವರು ದೊಡ್ಡವನು. ನೀರಿಗೆ ಬಿದ್ಯೇನೋ ಅಂದ್ಕೊಂಡೆ."

"ಯಾವಾಗ ಗೊತ್ತಾಯ್ತು?"

"ಏನು?"

"ನಾನಿಲ್ಲ ಅಂತ. ಯಾವಾಗ?"

ಅವನು ಹಣೆ ಒರೆಸಿಕೊಂಡ. "ಸೇತುವೆ ದಾಟಿ, ಆಚೆ. ನದಿಯಲ್ಲಿ ಮೀನಿನ ದೋಣಿ ಕಾಣ್ತು, ನಿನಗೆ ತೋರಿಸೋಣ ಅಂತ ನಿಲ್ಲಿಸಿದೆ. ಕರೆದೆ. ಎದ್ದು ಹೋಗಿ ಪರದೆ ಸರಿಸಿದ್ರೆ ಹೊದಿಕೆ ಮಾತ್ರ ಇತ್ತು. ನನ್ನ ಎದೆ ಒಡೀತು ಹೆಲ್ವಿ."

"ಅಲ್ಲೀ ತನಕ ಒಂದು ಸಲನೂ ಮಾತಾಡಿಸ್ಲಿಲ್ವಾ?"

"ಮಾತಾಡ್ತಾನೇ ಇದ್ದೆನಲ್ಲ," ಅಂದ ತೌನೊ. ದನಿಯಲ್ಲಿ ನಿಜವಾದ ಅಚ್ಚರಿಯಿತ್ತು. "ದಾರಿಯುದ್ದಕ್ಕೂ ಮಾತಾಡ್ದೆ. ಬೆಳಿಗ್ಗೆ ಆದದ್ದು ಮನಸ್ಸಿಗೆ ಚುಚ್ತಾ ಇತ್ತು. ಮುಂದೆ ಒಂದು ಕವಲು ದಾರಿ ಹತ್ರ ಕ್ಷಮೆ ಕೇಳ್ದೆ. ನೀನು ಹೇಳಿದೆ."

"ನಾನು ಏನು ಹೇಳ್ದೆ?"

"ಹೇಳಿದೆ, ಹೆಲ್ವಿ. ಪರದೆ ಹಿಂದಿನಿಂದ. ನಂಬು ಅಂದೆ. ನನಗೆ ಕೇಳಿಸ್ತು. ಮನಸ್ಸು ಹಗುರಾಯ್ತು, ಒಂದು ಹಾಡು ಕೂಡ ಹೇಳ್ಕೊಂಡೆ." ಹೇಳುತ್ತ ಹೇಳುತ್ತ ತಾನು ಹೇಳುತ್ತಿರುವುದು ಏನೆಂದು ಅವನಿಗೆ ಅರ್ಧ ಗೊತ್ತಾಯಿತು.

ಬಿರೆತ್ ಕಾಫಿಯ ಲೋಟಗಳನ್ನು ಎತ್ತಿಕೊಂಡವಳು ಒಳಗೆ ಹೋಗದೆ ಬಾಗಿಲಲ್ಲೇ ನಿಂತಳು. ಹೆಲ್ವಿಗೆ ಮೊದಲು ಸಿಟ್ಟೂ ಬರಲಿಲ್ಲ. ಖಾಲಿ ಹಾಸಿಗೆ ಕಂಡಿತು. ಸರಿದ ಹೊದಿಕೆ, ತಲೆಯ ತಗ್ಗು ಉಳಿದ ದಿಂಬು. ಆ ತಗ್ಗಿನಿಂದ ಅವಳ ದನಿ ಎದ್ದು, ಅವಳಿಲ್ಲದೆ, ಅವಳು ನಲವತ್ತೊಂಬತ್ತು ವರ್ಷ ಹೇಳಿದ ಮಾತನ್ನು ತಾನೇ ಹೇಳಿ ಮುಗಿಸಿತ್ತು. ಅವನು ಸುಳ್ಳು ಹೇಳುತ್ತಿಲ್ಲ, ಸುಳ್ಳು ಹೇಳುವವನಲ್ಲ. ಅವನಿಗೆ ನಿಜವಾಗಿ ಕೇಳಿಸಿದೆ. ತಾನು ದಾರಿಬದಿಯಲ್ಲಿ ಗಾಡಿಗಳಿಗೆ ಕೈ ಬೀಸುತ್ತ ನಿಂತಿದ್ದಾಗ ಇವನಿಗೆ ತನ್ನ ಬಾಯಿಂದ ಕ್ಷಮೆ ಸಿಕ್ಕಿದೆ, ಹಾಡು ಬಂದಿದೆ. ಹಾಗಾದರೆ ಇಷ್ಟು ವರ್ಷ ತಾನು ಹೇಳಿದ್ದೆಲ್ಲ? ಹೇಳದಿದ್ದರೂ ಆಗುತ್ತಿತ್ತೇ? ಆಗ ಬಂತು ಸಿಟ್ಟು. ಕಾಲಿನಿಂದ ಬಂತು, ನಿಧಾನವಾಗಿ, ವಸಂತದಲ್ಲಿ ಹೆಪ್ಪುಗಟ್ಟಿದ ಹೊಳೆ ಒಡೆಯುವಾಗ ಅಡಿಯಿಂದ ಮಂಜುಗಡ್ಡೆ ಏಳುವ ಹಾಗೆ.

ತೌನೊ ಟೊಪ್ಪಿ ತೆಗೆದ. ಕೆಸರಿನ ಕಾಲಿನಲ್ಲಿ ಒಂದು ಹೆಜ್ಜೆ ಮುಂದೆ ಬಂದು, ತಲೆ ತಗ್ಗಿಸಿ, ಸಭೆಗೆ ಒಪ್ಪುವ ಮೆತ್ತನೆಯ ದನಿಯಲ್ಲಿ ಕೇಳಿದ: "ಹೆಲ್ವಿ, ಎಲ್ಲಾ ಕ್ಷಮಿಸಲ್ಪಟ್ಟಿದೆ ಅಂತ ನಂಬಬಹುದಾ?"

ಮಾತು ಅವಳ ಬಾಯೊಳಗೆ ತಾನಾಗಿ ಎದ್ದು ನಿಂತಿತು. ಕೆಮ್ಮು ತಡೆಯುವ ಹಾಗೆ ತಡೆದಳು.

"ದಾರೀಲಿ ಕೇಳಿಸ್ತಲ್ಲ ಒಂದು ದನಿ," ಅಂದಳು. "ಅದನ್ನೇ ಕೇಳು."

ತೌನೊ ಯಾರೋ ಕೆನ್ನೆಗೆ ಹೊಡೆದಂತೆ ತಲೆ ಎತ್ತಿದ. ಕೇಳಿದವರಿಗೆ ಇಲ್ಲವೆಂದವರನ್ನು ಅವರ ಸಭೆಯಲ್ಲಿ ಅವನು ಕಂಡಿರಲಿಲ್ಲ. ಅವಳೂ ಕಂಡಿರಲಿಲ್ಲ. ಅವನ ಕಣ್ಣು ಸಹಾಯ ಹುಡುಕುತ್ತ ಬಾಗಿಲ ಕಡೆ ಹೋಯಿತು.

"ನನ್ನನ್ನ ನೋಡ್ಬೇಡಿ ಉಪದೇಶಿಗಳೇ," ಅಂದಳು ಬಿರೆತ್. "ನನ್ನ ಹತ್ರ ಪೆಟ್ರೋಲು, ಕಾಫಿ, ಒಣಮೀನು, ಇಷ್ಟೇ ಸಿಗೋದು."

ಹೆಲ್ವಿ ಬಿರೆತಳ ಕೈ ಹಿಡಿದು ದೇವರ ಸಮಾಧಾನ ಇರಲಿ ಎಂದಳು. ಫ್ಲಾಸ್ಕನ್ನು ಎತ್ತಿ ನೆಲಕ್ಕಿಟ್ಟು ಮುಂದಿನ ಆಸನದಲ್ಲಿ ಕೂತು ಪಟ್ಟಿ ಬಿಗಿದುಕೊಂಡಳು. ತೌನೊ ಗಾಡಿ ಹೊರಡಿಸಿದ. ರಸ್ತೆ ಮತ್ತೆ ಅದೇ ಜೌಗು, ಅದೇ ಗಿಡ್ಡ ಮರ, ದೂರದಲ್ಲಿ ಬೋಳು ಗುಡ್ಡಗಳ ಮಡಿಲಲ್ಲಿ ಕರಗದೆ ಉಳಿದ ಹಿಮ. ಎದುರು ಬಂದ ಮನೆಗಾಡಿಯವರು ಕೈ ಎತ್ತಿದರು. ಇಬ್ಬರಲ್ಲಿ ಯಾರೂ ತಿರುಗಿ ಎತ್ತಲಿಲ್ಲ. ಅವನು ನಿಮಿಷಕ್ಕೊಮ್ಮೆ ಇವಳ ಕಡೆ ನೋಡುತ್ತಿದ್ದ, ಕೂತಿದ್ದಾಳೋ ಇಲ್ಲವೋ ಎಂಬಂತೆ. ಅವಳಿಗೆ ಭಯವಾಗುತ್ತಿತ್ತು. ಗಂಡನದಲ್ಲ. ಈ ಗಳಿಗೆಯಲ್ಲಿ ಗಾಡಿ ಉರುಳಿ ಇಬ್ಬರೂ ಸತ್ತರೆ ಇವನು ಸ್ವರ್ಗದ ಬಾಗಿಲ ಹೊರಗೆ ನಿಲ್ಲಬೇಕಾಗುತ್ತದೆಯೇ, ಬೀಗದ ಕೈ ಬಾಯಲ್ಲಿಟ್ಟುಕೊಂಡು ಕೊಡದೆ ಹೋದ ತಾನು ಎಲ್ಲಿ ನಿಲ್ಲಬೇಕಾಗುತ್ತದೆ. ದೇವರೇ, ಎಂದಳು, ಕೊಡುವುದಿಲ್ಲ ಎಂದಲ್ಲ. ಕೊಡುತ್ತೇನೆ. ಆದರೆ ನನ್ನನ್ನು ಕೇಳಲಿ. ಹಾಸಿಗೆಯನ್ನಲ್ಲ, ಪರದೆಯನ್ನಲ್ಲ. ನಿನಗೆ ಇದು ಅಹಂಕಾರ ಎಂದು ಕಂಡರೆ ಆ ಪಾಪವನ್ನೂ ನನ್ನ ಹೆಸರಿಗೆ ಬರೆದುಕೋ. ಹೀಗೆ ಹೇಳಿಕೊಂಡ ಮೇಲೆ ಸಿಟ್ಟು ಹೋಗಲಿಲ್ಲ, ಆದರೆ ಅದಕ್ಕೆ ಕೂರಲು ಒಂದು ಜಾಗ ಸಿಕ್ಕ ಹಾಗಾಯಿತು. ಮೊದಲ ಸಲ ಅವಳಿಗೆ ತನ್ನ ಸಿಟ್ಟು ದೇವರಿಗೆ ಅಡ್ಡವಾಗಿ ನಿಂತಿಲ್ಲ, ಪಕ್ಕದಲ್ಲಿ ನಿಂತಿದೆ ಅನಿಸಿತು.

ಹತ್ತು ಹನ್ನೆರಡು ಕಿಲೋಮೀಟರು ಹೋಗಿರಬೇಕು. ತೌನೊ ದೀಪ ಮಿನುಗಿಸಿ ಗಾಡಿಯನ್ನು ರಸ್ತೆಯಿಂದ ಇಳಿಸಿದ. ನೋಡುವಂಥದ್ದು ಅಲ್ಲಿ ಏನೂ ಇರಲಿಲ್ಲ. ಜಲ್ಲಿಯ ಒಂದು ಗುಡ್ಡೆ, ಹಿಮ ತಳ್ಳುವವರು ಬಿಟ್ಟುಹೋದ ಕೆಂಪು ಗೂಟಗಳ ಕಂತೆ. ಇಳಿದು ಮುಂದಿನಿಂದ ಸುತ್ತಿ ಬಂದು ಅವಳ ಬದಿಯ ಬಾಗಿಲು ತೆರೆದ. ಎಂಜಿನ್ ಗುಡುಗುಡು ಎನ್ನುತ್ತಲೇ ಇತ್ತು. ಸಾವಿರ ಜನರೆದುರು ಚೀಟಿಯಿಲ್ಲದೆ ಗಂಟೆಗಟ್ಟಲೆ ಮಾತಾಡುವ ಮನುಷ್ಯನಿಗೆ ಮಾತು ಸಿಗುತ್ತಿರಲಿಲ್ಲ. ಸೊಳ್ಳೆಗಳು ಹಣೆಯ ಮೇಲೆ ಕೂತರೂ ಕೈ ಎತ್ತಲಿಲ್ಲ. ಅವಳ ಮುಖವನ್ನು ಓದಲು ಬಾರದ ಭಾಷೆಯನ್ನು ನೋಡುವ ಹಾಗೆ ನೋಡಿದ.

"ಹೆಲ್ವಿ," ಅಂದ ಕೊನೆಗೆ, ಸಭೆಯ ದನಿಯಲ್ಲಲ್ಲ, ಒರಟಾಗಿ. "ನಾನು ಯಾವುದಕ್ಕೆ ಕೇಳ್ಬೇಕು?"

ಹೆಲ್ವಿ ಪಟ್ಟಿ ಬಿಚ್ಚಿ, ಅವನ ಕಡೆ ತಿರುಗಿ, ಕಾಲುಗಳನ್ನು ಮೆಟ್ಟಿಲ ಮೇಲಿಟ್ಟು ಸರಿಯಾಗಿ ಕೂತುಕೊಂಡಳು.

"ಮೊದಲು ಎಂಜಿನ್ ಆರಿಸಿ ಬಾ," ಅಂದಳು. "ಇದು ಉದ್ದ ಇದೆ."